ಟೈಲ್ಸ್ ಸಂದಿನ ಕಾಡುಮೆಂತ್ಯ

ಎದುರುಮನೆಯ ಮಾಮಿ ಆವತ್ತು ನನ್ನ ಹೆಂಡತಿಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಉಂಗ ವೀಟ್ಟುಕ್ಕಾರರ್ ಮಾಡಿಲ ವಿಳುಂದು ಕೆಡಕ್ಕರಾರ್." ನಿಮ್ಮ ಯಜಮಾನರು ತಾರಸಿ ಮೇಲೆ ಬಿದ್ದುಕೊಂಡಿದ್ದಾರೆ ಎಂದು.

ನೀಲಾ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿ ಬಂದಳು. ನಾನು ಬಿದ್ದಿರಲಿಲ್ಲ. ಮಲಗಿದ್ದೆ. ಬೋರಲು. ಎದೆಯನ್ನು ಟೈಲ್ಸಿಗೆ ಒತ್ತಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಒಂದು ಕಳೆಗಿಡದ ಮುಖಕ್ಕೆ ಮುಖ ಕೊಟ್ಟು.

"ಏನ್ರೀ, ಎದಿ ನೋವೇನ್ರೀ?"

"ಹೂ ಬಿಟ್ಟದ, ಬಾ ಇಲ್ಲೆ, ನೋಡು."

ಅವಳು ಬಗ್ಗಿ, ಕೈಯ ಹಿಟ್ಟನ್ನೆಲ್ಲ ನನ್ನ ಬೆನ್ನಿನ ಅಂಗಿಗೆ ಒರೆಸಿದಳು. "ನನ್ನ ಜೀವಾ ಹೋಗಿತ್ತು. ಹಂಚಿನ ಮ್ಯಾಲಿನ ರೊಟ್ಟಿ ಸೀದು ಇದ್ದಲಿ ಆಗಿರ್ತದ ಈಗ. ಅದನ್ನ ನೀವ ತಿನ್ರಿ, ನಿಮ್ಮ ಹೂವಿನ ಜೋಡಿ."

ತಿಂದೆ. ರುಚಿಯಾಗಿಯೇ ಇತ್ತು. ಆ ದಿನ ಏನು ಕೊಟ್ಟರೂ ರುಚಿಯಾಗಿರುತ್ತಿತ್ತು.

ಈ ಅಂಕಣ ಓದುವವರಿಗೆ ನಾನು ಹೊಸಬನಲ್ಲ. ಏಳನೇ ಇಯತ್ತೆಗೇ ಶಾಲೆಗೆ ಕೈಮುಗಿದು, ವಿಜಯಪುರದ ಕಡೆಯಿಂದ ಮದ್ರಾಸಿಗೆ ಬಂದು, ತಲೆಯ ಮೇಲೆ ಜಲ್ಲಿ ಹೊತ್ತು, ಆಮೇಲೆ ಕರಣೆ ಹಿಡಿದು, ಈಗ ತಾರಸಿ ಸೋರದಂತೆ ಮಾಡಿಕೊಡುವ ಕಂಟ್ರಾಕ್ಟರ್ ಆಗಿರುವವನು. ಸಂಪಾದಕರು "ಮಾತಾಡಿದ ಹಾಗೇ ಬರೀರಿ" ಅಂದರು, ಬರೆಯುತ್ತಿದ್ದೇನೆ. ಈ ಊರಿನ ಮಳೆಗೆ ಎದುರಾಗಿ ನಿಂತು ಅನ್ನ ತಿಂದವನು ನಾನು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಹೆಮ್ಮೆಯಿದೆ.

ನನಗೆ ಆಫೀಸ್ ಇಲ್ಲ. ಬೋರ್ಡ್ ಇಲ್ಲ. ಏರ್‌ಪೋರ್ಟ್ ಪಕ್ಕದ ಪಲ್ಲಾವರಂನ ನನ್ನ ಮನೆಯ ತಾರಸಿಯೇ ನನ್ನ ವಿಸಿಟಿಂಗ್ ಕಾರ್ಡ್. ಯಾರೇ ಕೆಲಸ ಕೊಡಲು ಬರಲಿ, ಮೊದಲು ಮೇಲೆ ಕರೆದುಕೊಂಡು ಹೋಗುತ್ತೇನೆ. ಬಿಳಿ ಕೂಲಿಂಗ್ ಟೈಲ್ಸ್, ನೂಲು ಹಿಡಿದಂಥ ಜಾಯಿಂಟ್, ಒಂದು ಕೊಳೆಯಿಲ್ಲ, ಒಂದು ಕಡ್ಡಿಯಿಲ್ಲ. ಆಮೇಲೆ ನನ್ನ ಭಾಷಣ ಶುರು. "ಸಾರ್, ಮಹಡಿ ಮೇಲೆ ಕುಂಡ ಇಡಬೇಡಿ. ಜಾಯಿಂಟಲ್ಲಿ ಒಂದು ಹುಲ್ಲು ಕಂಡರೂ ಕಿತ್ತುಹಾಕಿ. ಇವತ್ತು ಬೇರು ಇಳಿದ ದಾರಿಯಲ್ಲೇ ನಾಳೆ ನೀರು ಇಳೀತದೆ." ಎಷ್ಟು ಮನೆಯ ತುಳಸಿ ಕಟ್ಟೆ ಕೆಳಗಿಳಿಸಿದ್ದೇನೋ, ಎಷ್ಟು ಜನ ಹೆಣ್ಣುಮಕ್ಕಳ ಶಾಪ ಹೊತ್ತಿದ್ದೇನೋ, ದೇವರಿಗೇ ಗೊತ್ತು.

ಅಂಥವನ ತಾರಸಿಯಲ್ಲಿ, ಅಂಥವನ ಜಾಯಿಂಟಿನಲ್ಲಿ, ಈ ಜನವರಿಯಲ್ಲಿ ಒಂದು ಗಿಡ ಹುಟ್ಟಿತು.

ಮೊದಲು ಕಂಡಾಗ ಮೂರೇ ಮೂರು ಎಲೆ. ಅದೂ ಉಗುರಿನಷ್ಟು. ಮಳೆಗಾಲ ಮುಗಿದಿತ್ತು, ಬೆಳಗಿನ ಗಾಳಿ ತಣ್ಣಗಿತ್ತು, ನೀರಿನ ಟ್ಯಾಂಕ್ ನೋಡಲು ಹತ್ತಿದ್ದೆ. ನನ್ನ ರಕ್ತ ಕುದಿಯಿತು. ಕೆಳಗೆ ಹೋಗಿ ಕೆರೆಯುವ ಪಟ್ಟಿ ತಂದೆ. ಕುಕ್ಕರಗಾಲಿನಲ್ಲಿ ಕೂತೆ. ತುದಿಯ ಒಂದೆಲೆ ಚಿವುಟಿ, ಅಭ್ಯಾಸಬಲದಿಂದ ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿದೆ.

ಅಷ್ಟೇ. ಪಟ್ಟಿ ಕೈಯಲ್ಲೇ ಉಳಿಯಿತು.

ಆ ವಾಸನೆ ನಿಮಗೆ ಹೇಗೆ ಹೇಳಲಿ? ಮೆಂತ್ಯದ್ದೇ, ಆದರೆ ಅಡುಗೆಮನೆಯ ಮೆಂತ್ಯವಲ್ಲ. ಹಿಂಗಾರಿ ಹೊಲದಲ್ಲಿ, ಗೋದಿ ಸಾಲಿನ ನಡುವೆ, ಬೆಳಗಿನ ಇಬ್ಬನಿಯಲ್ಲಿ ಕಳೆ ಕಿತ್ತವರ ಅಂಗೈಯ ವಾಸನೆ. ಕಿತ್ತು ಕಿತ್ತು ಬದುವಿಗೆ ಗುಡ್ಡೆ ಹಾಕುತ್ತಿದ್ದೆವು. ಸಂಜೆಗೆ ಆ ಗುಡ್ಡೆ ಬಾಡಿ, ಹೊಸ ಹುಲ್ಲಿನ ಬಣವೆಯ ಹಾಗೆ ಸಿಹಿಯಾಗಿ ನಾರುತ್ತಿತ್ತು. ಆಗ ಅದನ್ನು ಬೈದುಕೊಂಡೇ ಕಿತ್ತಿದ್ದೆ. ಈಗ ಪಲ್ಲಾವರಂನ ತಾರಸಿಯ ಮೇಲೆ, ತಲೆಯ ಮೇಲಿಂದ ವಿಮಾನವೊಂದು ಚಕ್ರ ಬಿಚ್ಚಿ ಇಳಿಯುತ್ತಿರುವಾಗ, ಅದೇ ಎಲೆ ಮೂಗಿಗೆ ಹಿಡಿದು ಪೆಚ್ಚನಂತೆ ನಗುತ್ತಿದ್ದೇನೆ.

ನೀಲಾಳನ್ನು ಕರೆದೆ. ಅವಳು ನೋಡಿದ ಕೂಡಲೇ ಅಂದಳು, "ಅಯ್ಯ, ಕಾಡ ಮೆಂತೆ ಅಲ್ಲೇನ್ರಿ ಇದು. ನಮ್ಮ ಗೋದಿಯೊಳಗ ಬಂದದ."

ಹೌದು. ನಮ್ಮ ಕಡೆಯವರಿಗೆ ಒಂದು ಹುಚ್ಚಿದೆ. ಎಷ್ಟು ವರ್ಷ ಈ ಊರಲ್ಲಿದ್ದರೂ ವರ್ಷಕ್ಕಾಗುವ ಜೋಳ, ಗೋದಿ ಊರಿಂದಲೇ ಬರಬೇಕು. ಇಲ್ಲಿನ ಅಂಗಡಿಯ ಜೋಳಕ್ಕೆ ಜಿಗುಟಿಲ್ಲವಂತೆ, ರೊಟ್ಟಿ ತಟ್ಟಿದರೆ ಅಂಚು ಸೀಳುತ್ತದಂತೆ. ಚೀಲ ಬಂದ ಮೇಲೆ ನೀಲಾ ತಾರಸಿಯ ಮೇಲೆ ಬಿಸಿಲಿಗೆ ಹರಡಿ, ಮೊರದಲ್ಲಿ ಹಾಕಿ ಕೇರಿ, ಕಸವನ್ನು ಅಲ್ಲೇ ಮೂಲೆಗೆ ತೂರುತ್ತಾಳೆ. ಆ ಕಸದಲ್ಲಿದ್ದ ಒಂದು ಕಾಳು ಜಾಯಿಂಟ್ ಸೇರಿ, ಮಳೆಯೆಲ್ಲ ಕುಡಿದು, ತಂಪು ಬಂದ ಮೇಲೆ ತಲೆ ಎತ್ತಿತ್ತು.

"ಕೀಳ್ರಿ ಮತ್ತ," ಅಂದಳು. "ಊರ ಮಂದಿ ತುಳಸಿನೆಲ್ಲಾ ಕೆಳಗ ಇಳಿಸಿದವರು ನೀವು."

"ನಾಳೆ ಕೀಳ್ತೀನಿ."

ನಾಳೆ ಬಂತು. ನಾಡಿದ್ದು ಬಂತು. ಕೀಳಲಿಲ್ಲ.

ಆಮೇಲೆ ನನಗೇನಾಯಿತು ಎಂದು ಕೇಳಬೇಡಿ. ಬೆಳಿಗ್ಗೆ ಎದ್ದರೆ ಕಾಫಿಗೆ ಮೊದಲು ತಾರಸಿ. ಸೈಟಿನಿಂದ ಬಂದರೆ ಬೂಟು ಬಿಚ್ಚುವ ಮೊದಲು ತಾರಸಿ. ಒಂದು ಎಲೆ ಹೆಚ್ಚಾಗಿದ್ದರೆ ಇಡೀ ದಿನ ಸೀಟಿ. ಕಾಗೆ ಬಂದರೆ ಜಗಳ. (ಎದುರುಮನೆಯ ಮಾಮಿ ವಡಾಂ ಎಂಬ ಸಂಡಿಗೆ ಒಣಗಿಸುವಾಗ ಕಾಗೆಯ ಮೇಲೆ ಕೂಗುವುದನ್ನು ಕಂಡು ನಗುತ್ತಿದ್ದವನು ನಾನು. ಈಗ ಇಬ್ಬರೂ ಒಟ್ಟಿಗೆ ಕೂಗುತ್ತಿದ್ದೆವು.) ನೀರು ಹೆಚ್ಚು ಹಾಕಿದರೆ ಕೊಳೆಯುತ್ತದೆಂದು ಗೊತ್ತಿತ್ತು, ಗೊಬ್ಬರ ಬೇಕಿಲ್ಲವೆಂದೂ ಗೊತ್ತಿತ್ತು. ಕಳೆಗೆ ಯಾರಾದರೂ ಗೊಬ್ಬರ ಹಾಕುತ್ತಾರೆಯೇ? ಹಾಗಾಗಿ ಮಾಡಲು ಕೆಲಸವೇ ಇರಲಿಲ್ಲ. ಸುಮ್ಮನೆ ನೋಡುವುದು. ಬದುಕಿನಲ್ಲಿ ಮೊದಲ ಸಲ, ಕೆಲಸವಿಲ್ಲದೆ ಕೂತು ನೋಡುವುದು.

ಗಿಡ ಒಂದು ಗೇಣು ಎತ್ತರಕ್ಕೆ ಬಂತು. ಸಣ್ಣ ಹಳದಿ ಹೂವಿನ ಗೊಂಚಲು. ಒಂದೊಂದು ಹೂವೂ ಸಾಸಿವೆ ಕಾಳಿನಷ್ಟು. ಪುಟ್ಟ ಜೇನುನೊಣಗಳು ಬರಲಾರಂಭಿಸಿದವು. ಈ ಕಾಂಕ್ರೀಟ್ ಮೇಲೆ ಅವಕ್ಕೆ ಯಾರು ವಿಳಾಸ ಕೊಟ್ಟರು?

ಮಗಳು ಸಹನಾಳಿಗೆ ತೋರಿಸಿದೆ. ಅವಳು ಇಲ್ಲೇ ಹುಟ್ಟಿ ಇಲ್ಲೇ ಓದಿದವಳು. ನಾನು ಕನ್ನಡದಲ್ಲಿ ಕೇಳಿದರೆ ಉತ್ತರ ಬೇರೆ ಬಸ್ಸಿನಲ್ಲಿ ಬರುತ್ತದೆ. ಮೊಬೈಲಿನಲ್ಲಿ ಹುಡುಕಿ ಅಂದಳು, "ಇದು ಕ್ಲೋವರ್ ಫ್ಯಾಮಿಲಿ ಪಾ. ನೇಟಿವ್ ದಾನ್. ಆನಾ ಆನ್ಯುವಲ್. ವಿದೈ ಪೋಟ್ಟುಟ್ಟು ಸೆತ್ತುಡುಂ."

"ಸಾಯ್ತದ?"

"ಬೀಜ ಹಾಕಿ ಸಾಯ್ತದೆ ಪಾ. ವೆಯಿಲ್ ವಂದಾ ಅವ್ಳೋದಾನ್, ಬಿಸಿಲು ಬಂದರೆ ಅಷ್ಟೇ. ಬೀಜ ಬಿದ್ದರೆ ಮುಂದಿನ ವರ್ಷ ಮತ್ತೆ ಬರ್ತದೆ. ಅದಕ್ಕೆ ಮೊದಲು ಕಿತ್ತರೆ, ಫಿನಿಶ್."

ಗೊತ್ತಿದ್ದ ವಿಷಯವೇ. ಹೊಲದ ಕಳೆ ಎಂದರೆ ಒಂದು ಹಂಗಾಮಿನ ಬಾಳು, ನನಗೆ ಗೊತ್ತಿಲ್ಲವೇ? ಆದರೂ ಆವತ್ತು ಎದೆಗೆ ನಾಟಿತು. ನನ್ನ ಹತ್ತಿರ ಇದ್ದದ್ದು ಒಂದೇ ಗಿಡ. ಹೂ ಕಾಯಾಗಬೇಕು, ಕಾಯಿ ಒಣಗಬೇಕು. ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಇಷ್ಟೇ ನನ್ನ ಪ್ರಾರ್ಥನೆ.

ಆ ವಾರವೇ ಪೆರುಂಗುಡಿಯಿಂದ ಫೋನ್ ಬಂತು.

ದೊಡ್ಡ ಅಪಾರ್ಟ್‌ಮೆಂಟ್. ಎಲ್ಲಾ ಬ್ಲಾಕಿನ ತಾರಸಿ ಸೋರುತ್ತಿದೆ. ಅಸೋಸಿಯೇಷನ್ ಪ್ರೆಸಿಡೆಂಟ್ ಮತ್ತು ಸೆಕ್ರೆಟರಿ ಭಾನುವಾರ ನನ್ನ ತಾರಸಿ ನೋಡಲು ಬರುತ್ತಾರಂತೆ. ನನ್ನ ಜೊತೆ ಮೊದಲಿನಿಂದ ಇರುವ ಮೇಸ್ತ್ರಿ ಮುರುಗೇಶನ್ ಸುದ್ದಿ ಕೇಳಿ ಓಡೋಡಿ ಬಂದ. ಅಂಥ ಕೆಲಸ ಸಿಕ್ಕರೆ ನಮ್ಮ ಇಡೀ ತಂಡಕ್ಕೆ ಮುಂದಿನ ಮಳೆಯವರೆಗೆ ಬೇರೆ ಬಾಗಿಲು ತಟ್ಟಬೇಕಿಲ್ಲ. ಮೇಲೆ ಹತ್ತಿದ. ಗಿಡ ನೋಡಿದ. ನನ್ನ ಮುಖ ನೋಡಿದ.

"ಅಣ್ಣೇ, ಡಾಕ್ಟರ್ ವೀಟ್ಲಯೇ ಕೊಸುವಾ?"

ಡಾಕ್ಟರ ಮನೆಯಲ್ಲೇ ಸೊಳ್ಳೆಯೇ ಎಂದು.

"ಪುಡುಂಗಿರಟ್ಟುಮಾ?" ಕಿತ್ತುಬಿಡಲೇ?

"ಕೈ ಹಚ್ಚಿದರೆ ನೋಡು." (ಇದನ್ನು ಕನ್ನಡದಲ್ಲೇ ಹೇಳಿದೆ. ಅವನಿಗೆ ಅರ್ಥವಾಯಿತು.)

ಬೇರು ಸಮೇತ ಎತ್ತಿ ಕುಂಡಕ್ಕೆ ಹಾಕಬಹುದಲ್ಲ ಎನ್ನುತ್ತೀರಿ. ಯೋಚಿಸದೆ ಇದ್ದೆನೇ? ಇದರ ಬೇರು ಮೊಳೆಯ ಹಾಗೆ ನೆಟ್ಟಗೆ ಇಳಿಯುತ್ತದೆ. ಎಳೆದರೆ ತುಂಡಾಗುತ್ತದೆ. ಟೈಲ್ಸನ್ನೇ ಒಡೆದು ಎತ್ತೋಣ ಎಂದ ಮುರುಗೇಶನ್. ಚೆನ್ನಾಗಿರುವ ಟೈಲ್ಸನ್ನು ನಾನು ಒಡೆಯುವುದೇ? ಕಾಯಿಗಳೋ ಇನ್ನೂ ಹಸಿರು.

ಕೊನೆಗೆ ಪರಿಹಾರ ಕೊಟ್ಟದ್ದು ನೀಲಾ. "ನಾ ಅಲ್ಲೆ ಗಿಡದ ಸುತ್ತ ಒಂದು ಸೀರಿ ಹಾಸಿ ಸಂಡಗಿ ಹಾಕ್ತೀನಿ. ನಡುವ ನಿಮ್ಮ ಗಿಡದ ಮ್ಯಾಲ ದೊಡ್ಡ ಬುಟ್ಟಿ ಬೋರಲ ಹಾಕ್ರಿ. ಸಂಡಗಿ ಇದ್ದಲ್ಲೆ ಬುಟ್ಟಿ ಇದ್ದೇ ಇರ್ತದ. ಯಾರ್ ಕೇಳ್ತಾರ?"

ಮುರುಗೇಶನ್ ಅವಳಿಗೆ ಕೈಮುಗಿದ. ನಾನು ಮನಸ್ಸಿನಲ್ಲೇ ಮುಗಿದೆ.

ಭಾನುವಾರ. ಪ್ರೆಸಿಡೆಂಟ್ ಕೃಷ್ಣನ್ ಸಾರ್, ನಿವೃತ್ತರು, ಕಡಿಮೆ ಮಾತು, ಜೇಬಿನಲ್ಲಿ ಟಾರ್ಚ್ ಇಟ್ಟುಕೊಂಡು ಬಂದವರು. ಸೆಕ್ರೆಟರಿ ಸುಧಾ ಮೇಡಂ, ಜಾಸ್ತಿ ಮಾತು, ಜಾಸ್ತಿ ಪ್ರಶ್ನೆ. ಇಬ್ಬರೂ ತಾರಸಿಗೆ ಬಂದು ಸುತ್ತ ನೋಡಿ ತಲೆದೂಗಿದರು. ಬಿಸಿಲಲ್ಲಿ ಬಿಳಿ ಟೈಲ್ಸ್ ಮಿರಮಿರ. ಮೂಲೆಯಲ್ಲಿ ಹಳೇ ಸೀರೆ, ಸಂಡಿಗೆ, ಬುಟ್ಟಿ. ನೆರಳಿಗೆ ಕೂತ ನೀಲಾ. ಎಲ್ಲಾ ಸರಿಯಾಗಿತ್ತು.

ನಾನು ಉಮೇದಿಗೆ ಬಂದೆ. ಟೈಲ್ಸ್ ಎಂದರೆ ಅಂಗಿ ಮಾತ್ರ ಸಾರ್, ಅದರ ಕೆಳಗೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಬನಿಯನ್, ಅದರ ಕೆಳಗೆ ಕೋಟಿಂಗ್ ಎಂಬ ಚರ್ಮ, ಎಂದೆಲ್ಲ ಹೇಳಿದೆ. ಕೊನೆಗೆ ನನ್ನ ಬ್ರಹ್ಮಾಸ್ತ್ರ. ಇಷ್ಟು ವರ್ಷ ಬಂದ ಪ್ರತಿಯೊಬ್ಬ ಗಿರಾಕಿಗೂ ತೋರಿಸಿದ್ದು. "ವಾಟ್ಟಂ ನೋಡಿ ಸಾರ್," ಎಂದೆ. ವಾಟ್ಟಂ ಎಂದರೆ ಇಳಿಜಾರು. "ಎಲ್ಲೇ ನೀರು ಸುರಿಯಿರಿ, ಒಂದು ತೊಟ್ಟು ನಿಲ್ಲಲ್ಲ, ದಾರಿ ತಪ್ಪಲ್ಲ." ಎಂದವನೇ ತುಂಬಿದ ಬಕೆಟ್ ಎತ್ತಿ, ಮೇಲಿನ ಮೂಲೆಯಲ್ಲಿ ಬಗ್ಗಿಸಿಬಿಟ್ಟೆ.

ಕೈ ಬಗ್ಗಿಸಿದ ಮೇಲೆ ತಲೆಗೆ ಹೊಳೆಯಿತು.

ಮುರುಗೇಶನ್ ಕಣ್ಣು ಮುಚ್ಚಿಕೊಂಡ.

ನೀರು ಎಷ್ಟು ಚಂದ ಹರಿಯಿತು ಎನ್ನುತ್ತೀರಿ. ಒಂದು ತೊಟ್ಟು ನಿಲ್ಲಲಿಲ್ಲ. ದಾರಿ ತಪ್ಪಲಿಲ್ಲ. ಹಾವಿನ ಹಾಗೆ ಸರಸರ ಹೋಗಿ ನೆಟ್ಟಗೆ ನೀಲಾಳ ಸಂಡಿಗೆಯ ಸೀರೆಗೆ ನುಗ್ಗಿತು. "ಅಯ್ಯ ನನ್ನ ಸಂಡಗಿ," ಎಂದು ಅವಳು ಎದ್ದು ಸೀರೆ ಎಳೆದಳು. ಎಳೆದ ರಭಸಕ್ಕೆ ಬುಟ್ಟಿ ಉರುಳಿ ಪ್ರೆಸಿಡೆಂಟರ ಕಾಲಬಳಿ ಹೋಗಿ ನಿಂತಿತು.

ನಡುವೆ ನನ್ನ ಗಿಡ. ಹಳದಿ ಹೂ, ಹಸಿರು ಕಾಯಿ. ಗಾಳಿಗೆ ತಲೆಯಾಡಿಸುತ್ತ.

"ಎನ್ನ ಸಾರ್ ಇದು, ಸೆಡಿ?" ಎಂದರು ಸುಧಾ ಮೇಡಂ. ಏನಿದು, ಗಿಡವೇ ಎಂದು.

ಉತ್ತರ ಕೊಡುವಷ್ಟರಲ್ಲಿ ತಲೆಯ ಮೇಲೆ ವಿಮಾನ ಬಂತು. ನಮ್ಮ ಪಲ್ಲಾವರಂನಲ್ಲಿ ಇದೊಂದು ಅನುಕೂಲ. ಎಂಥ ಜಗಳವಿದ್ದರೂ ಯೋಚಿಸಲು ಸ್ವಲ್ಪ ಹೊತ್ತು ಸಿಗುತ್ತದೆ. ಆ ಸದ್ದಿನಡಿ ನಾವೈದೂ ಜನ ಬಾಯಿ ಮುಚ್ಚಿ ಗಿಡವನ್ನೇ ನೋಡುತ್ತ ನಿಂತೆವು. ಕುಂಡದ ಗಿಡ, ಕುಂಡ ಒಡೆದಿದೆ ಎನ್ನಲೇ? ಪೂಜೆಯ ಗಿಡ ಎನ್ನಲೇ? ಸುಳ್ಳು ಹೇಳಬಹುದಿತ್ತು. ಆದರೆ ನನ್ನ ಕೆಲಸದ ಬಗ್ಗೆ ನಾನೇ ಸುಳ್ಳು ಹೇಳಿದರೆ ನನ್ನಲ್ಲಿ ಉಳಿಯುವುದೇನು? ಏಳನೇ ಇಯತ್ತೆಯ ಸರ್ಟಿಫಿಕೇಟೇ?

ವಿಮಾನ ಹೋಯಿತು. ಹೇಳಿದೆ. "ಇದು ನನ್ನ ಜಾಯಿಂಟ್, ಮೇಡಂ. ನಾನೇ ತುಂಬಿದ್ದು. ಬಿರುಕು ಬಿಟ್ಟಿದೆ. ಅದರಲ್ಲಿ ನಮ್ಮ ಊರ ಗಿಡ ಹುಟ್ಟಿದೆ. ಬೀಜ ಒಣಗುವವರೆಗೆ ನಾನು ಕೀಳಲ್ಲ. ಒಣಗಿದ ದಿನವೇ ಕೆರೆದು ತುಂಬ್ತೀನಿ."

ಪ್ರೆಸಿಡೆಂಟ್ ಬಂದಾಗಿನಿಂದ ಮೊದಲ ಸಲ ಬಾಯಿ ಬಿಟ್ಟರು. "ಅದುಕ್ಕುಳ್ಳ ಮಳೈ ವಂದಾ?" ಅಷ್ಟರೊಳಗೆ ಮಳೆ ಬಂದರೆ?

"ಅದುಕ್ಕು ನೇರಾ ಕೀಳೆ ನಾನ್ದಾನ್ ಸಾರ್ ಪಡುಕ್ಕಿರೇನ್." ಅದರ ನೇರ ಕೆಳಗೆ ಮಲಗುವವನು ನಾನೇ ಸಾರ್, ಎಂದೆ.

ಇಬ್ಬರೂ ಕಾಫಿ ಕುಡಿದರು. ಹೊರಟರು. "ಸೊಲ್ಲಿ ಅನುಪ್ಪರೋಂ" ಎಂದರು. ಹೇಳಿ ಕಳಿಸುತ್ತೇವೆ. ಹುಡುಗಿ ನೋಡಲು ಬಂದವರ ಬಾಯಲ್ಲಿ ಈ ಮಾತಿಗೆ ಏನು ಅರ್ಥವೋ, ಕಂಟ್ರಾಕ್ಟರನಿಗೂ ಅದೇ ಅರ್ಥ.

ಮುರುಗೇಶನ್ ಚಪ್ಪಲಿ ಹಾಕಿಕೊಳ್ಳುತ್ತ ಒಂದೇ ಮಾತು ಅಂದ. "ಅಣ್ಣೇ, ನಲ್ಲ ವೇಳೈ. ಅದುಕ್ಕು ಪೇರು ವೆಕ್ಕಲೈ." ಪುಣ್ಯಕ್ಕೆ ಅದಕ್ಕೆ ನಾಮಕರಣ ಮಾಡಿಲ್ಲ, ಎಂದು. ಮಾತು ತಮಾಷೆಯದು, ಮುಖ ತಮಾಷೆಯದಾಗಿರಲಿಲ್ಲ. ಅವನಿಗೂ ಮನೆಯಿದೆ. ಆ ಸಂಜೆ ತಾರಸಿಗೆ ಹತ್ತುವಾಗ ಮೊದಲ ಸಲ ಕಾಲು ಭಾರವಾಗಿತ್ತು. ಒಂದು ಕಳೆಗಾಗಿ ಇಷ್ಟು ಜನರ ಕೆಲಸ ಕಳೆದೆನೇ? ಮೇಲೆ ಹೋಗಿ ನೋಡಿದರೆ, ಒಂದು ಗೊಂಚಲಿನ ಕಾಯಿ ಹಸಿರು ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತಿದೆ. ನನ್ನ ಹಲ್ಲು ತಾನಾಗಿಯೇ ಹೊರಗೆ ಬಂತು. ಏನು ಮಾಡಲಿ ಹೇಳಿ?

ಪೆರುಂಗುಡಿಯಿಂದ ಸದ್ದಿಲ್ಲ. ದಿನಗಳು ಹೋದವು. ಕಾಯಿಗಳು ಕೆಳಗಿನಿಂದ ಒಂದೊಂದಾಗಿ ಒಣಗಿದವು, ಎಲೆ ಉದುರಿತು, ಬಿಸಿಲು ಬಲಿಯಿತು. ಇನ್ನೇನು ಬೀಜ ಕೈಗೆ ಬರಬೇಕು, ಆಗ ಬಂತು ನೋಡಿ, ಮಾರ್ಚಿನಲ್ಲಿ, ಕರೆಯದೆ ಬಂದ ನೆಂಟನ ಹಾಗೆ, ಮಳೆ.

ಮಟಮಟ ಮಧ್ಯಾಹ್ನ ಆಕಾಶ ಕಪ್ಪಾಯಿತು. ನಾನು ಛತ್ರಿ ಹಿಡಿದು ಮೇಲೆ ಓಡಿದೆ. ನನಗಲ್ಲ, ಗಿಡಕ್ಕೆ. ಒಂದು ಕೈಯಲ್ಲಿ ಗಿಡಕ್ಕೆ ಛತ್ರಿ ಹಿಡಿದು, ಇನ್ನೊಂದು ಕೈಯಲ್ಲಿ ಒಣಗಿದ ಕಾಯನ್ನೆಲ್ಲ ಸವರಿ ಸವರಿ ಅಂಗಿಯ ಜೇಬಿಗೆ ತುಂಬಿದೆ. ಪೂರ್ತಿ ತೊಯ್ದೆ. ಎದುರು ತಾರಸಿಯಲ್ಲಿ ವಡಾಂ ಬಾಚುತ್ತಿದ್ದ ಮಾಮಿ ಈ ಸಲ ಯಾರಿಗೂ ಫೋನ್ ಮಾಡಲಿಲ್ಲ. ಅಭ್ಯಾಸವಾಗಿತ್ತು.

ಜೇಬು ತುಂಬಿದ ಮೇಲೆ ಕೆಳಗೆ ಬಂದು ನೇರ ಬೆಡ್‌ರೂಮಿಗೆ ಹೋದೆ. ನೀಲಾ ಆಗಲೇ ಹಾಸಿಗೆಯ ನಟ್ಟನಡುವೆ ಒಂದು ಸ್ಟೀಲ್ ಬೋಗುಣಿ ಇಟ್ಟು ಕೂತಿದ್ದಳು.

"ಇದ್ಯಾಕ?"

"ನೀವು ಮಾಡಿದ ತಾರಸಿ ಅಲ್ಲೇನ್ರಿ, ಅದಕ್ಕ."

ಸಹನಾಳೂ ಬಂದಳು. ಮೂವರೂ ಕತ್ತು ಮೇಲೆತ್ತಿ ಚಾವಣಿ ನೋಡುತ್ತ ಕೂತೆವು. ಹೊರಗೆ ಧೋ ಎಂದು ಸುರಿಯುತ್ತಿದೆ. ಒಳಗೆ ಫ್ಯಾನಿನ ಸದ್ದು. ಚರ್ಮಕ್ಕೆ ಏನೂ ಆಗಿರುವುದಿಲ್ಲ, ಅಂಗಿ ಮಾತ್ರ ಹರಿದಿದೆ, ಎಂದು ತಲೆಗೆ ಗೊತ್ತು. ಆದರೆ ಹೊಟ್ಟೆಗೆ ಗೊತ್ತಿರಬೇಕಲ್ಲ? ಮಳೆ ನಿಂತಿತು. ಚಾವಣಿ ಬಿಳಿಯಾಗಿಯೇ ಇತ್ತು. ಬೋಗುಣಿಯಲ್ಲಿ ಒಂದು ಹನಿಯಿಲ್ಲ. ನಾನು ಎದ್ದು, ಒದ್ದೆ ಅಂಗಿಯಲ್ಲೇ, ಆ ಬೋಗುಣಿಯನ್ನು ತಮಟೆಯ ಹಾಗೆ ಬಡಿದುಕೊಂಡು ಮನೆಯೆಲ್ಲ ಒಂದು ಸುತ್ತು ಹಾಕಿದೆ. ಸಹನಾ ವಿಡಿಯೋ ಮಾಡಿಕೊಂಡಿದ್ದಾಳೆ. ಅದು ಎಲ್ಲೆಲ್ಲಿ ಹೋಗಿದೆಯೋ ನಾನು ಕೇಳಿಲ್ಲ.

ಮರುದಿನ ಬೆಳಿಗ್ಗೆ ಬೆಲ್. ಬಾಗಿಲಲ್ಲಿ ಪ್ರೆಸಿಡೆಂಟ್, ಸೆಕ್ರೆಟರಿ. ಫೋನಿಲ್ಲ, ಹೇಳಿಕೆಯಿಲ್ಲ. "ಬೆಡ್‌ರೂಮ್ ಎಂಗೇ?" ಎಲ್ಲಿ, ಎಂದರು ಕೃಷ್ಣನ್ ಸಾರ್. ನೀಲಾ ಹಾಸಿಗೆಯ ಮೇಲಿದ್ದ ಒಗೆದ ಬಟ್ಟೆಯ ರಾಶಿಯನ್ನು ತಬ್ಬಿಕೊಂಡು ಎಲ್ಲಿ ಬಚ್ಚಿಡಲಿ ಎಂದು ತಿರುಗುತ್ತಿದ್ದರೆ, ಅವರು ಟಾರ್ಚ್ ತೆಗೆದು ಚಾವಣಿಯ ಒಂದೊಂದು ಮೂಲೆಗೂ ಬೆಳಕು ಬಿಟ್ಟು ನೋಡಿದರು. ಕುರ್ಚಿ ಹತ್ತಿ ಅಂಗೈ ಇಟ್ಟು ನೋಡಿದರು. ಇಳಿದು ಕೈ ಒರೆಸಿಕೊಂಡರು.

"ಅಸೋಸಿಯೇಷನ್‌ನಲ್ಲಿ ಆವತ್ತೇ ನಿಮಗೇ ಅಂತ ಮಾತಾಗಿತ್ತು," ಎಂದರು ಸುಧಾ ಮೇಡಂ ತಮ್ಮ ತಮಿಳಿನಲ್ಲಿ. "ಇವರದು ಒಂದೇ ಹಟ. ಒಂದು ಮಳೆ ಬರಲಿ, ಆಮೇಲೆ ಎಂದು."

ಇಷ್ಟು ದಿನ ನಾನು ಮಳೆ ಬಾರದಿರಲಿ ಎಂದು ಬೇಡುತ್ತಿದ್ದೆ, ಪೆರುಂಗುಡಿಯಲ್ಲಿ ಒಬ್ಬರು ಬರಲಿ ಎಂದು ಕಾಯುತ್ತಿದ್ದರು. ದೇವರು ಯಾರ ಮಾತು ಕೇಳಿದನೋ, ಇಬ್ಬರಿಗೂ ಒಳ್ಳೆಯದೇ ಆಯಿತು.

ಹೋಗುವಾಗ ಮೇಡಂ ಮೆಲ್ಲಗೆ ಕೇಳಿದರು, "ಅಂದ ಸೆಡಿ ವಿದೈ ಕೊಂಜಂ ಕೆಡೈಕ್ಕುಮಾ?" ಆ ಗಿಡದ ಬೀಜ ಸ್ವಲ್ಪ ಸಿಗುತ್ತದೆಯೇ? ಅವರ ಬಾಲ್ಕನಿಗಂತೆ. ಕೊಟ್ಟೆ. ಜೊತೆಗೆ ಉಪದೇಶ ಬಿಟ್ಟಿ. ಮೆಂತ್ಯದ ಹಾಗೆ ರಾತ್ರಿ ನೆನೆಹಾಕಿ ಬಿತ್ತಿದರೆ ಇದು ಏಳುವುದಿಲ್ಲ ಮೇಡಂ, ಸಿಪ್ಪೆ ಕಲ್ಲಿನಂಥದ್ದು. ಎರಡು ಉಪ್ಪುಕಾಗದದ, ಅಂದರೆ ಸ್ಯಾಂಡ್ ಪೇಪರಿನ, ನಡುವೆ ಹಾಕಿ ಮೆಲ್ಲಗೆ ಉಜ್ಜಿ, ಆಮೇಲೆ ನೆನೆಹಾಕಿ. (ಆಮೇಲೆ ನಾನೂ ಹತ್ತಿಯಲ್ಲಿಟ್ಟು ನೋಡಿದೆ. ಉಜ್ಜಿದವು ಮೂತಿ ತೋರಿಸಿದವು, ಉಜ್ಜದವು ಹಾಗೇ ಬಿಗಿದುಕೊಂಡು ಕೂತಿವೆ.) ದೀಪಾವಳಿಯ ಮಳೆಯೆಲ್ಲ ಮುಗಿದು ತಂಪು ಬಂದ ಮೇಲೆ ಆಳವಾದ ಕುಂಡದಲ್ಲಿ ತೆಳ್ಳಗೆ ಬಿತ್ತಿ, ಆಮೇಲೆ ಅದರ ತಂಟೆಗೆ ಹೋಗಬೇಡಿ. ಕುಂಡವನ್ನು ಕಬ್ಬಿಣದ ಸ್ಟ್ಯಾಂಡ್ ಮೇಲಿಡಿ, ಕೆಳಗೆ ತಟ್ಟೆ ಇರಲಿ. ಹೌದು, ಕುಂಡ ಇಡಬೇಡಿ ಎಂದು ಊರೆಲ್ಲ ಸಾರಿದವನೇ ಹೇಳುತ್ತಿದ್ದೇನೆ. ಮನುಷ್ಯ ಕಲಿಯಬಾರದೇ?

ಮೊನ್ನೆ ಮುರುಗೇಶನ್ ಬಂದ. ಒಣಗಿದ ಗಿಡವನ್ನು ನಾನೇ ಬುಡಕ್ಕೆ ಕತ್ತರಿಸಿ, ನೀಲಾಳ ಸೀರೆಯ ಟ್ರಂಕಿನಲ್ಲಿ ಇಟ್ಟೆ. ಮುಚ್ಚಳ ತೆರೆದರೆ ರೂಮಿಗೆಲ್ಲ ಬಣವೆಯ ವಾಸನೆ. ನಾನು ಕೊಟ್ಟ ಮಾತಿನಂತೆ ಅವನು ಜಾಯಿಂಟ್ ಕೆರೆದು, ಗುಡಿಸಿ, ಹೊಸದಾಗಿ ತುಂಬುತ್ತ ಬಂದ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆ. ಗಿಡ ಇದ್ದ ಜಾಗ ಬಂದಾಗ ಅವನ ಮಣಿಕಟ್ಟು ಹಿಡಿದೆ.

"ಇಲ್ಲೊಂದು ಬೆರಳಷ್ಟು ಬಿಡು."

ಅವನು ನನ್ನನ್ನು ನೋಡಿದ. ಜಾಯಿಂಟ್ ನೋಡಿದ. ಕರಣೆ ಕೆಳಗಿಟ್ಟ.

"ಅಣ್ಣೇ, ಪೆರುಂಗುಡಿಲಯೂಂ ಇದೇ ಮಾದಿರಿ ವಿಡಣುಮಾ?" ಪೆರುಂಗುಡಿಯಲ್ಲೂ ಹೀಗೇ ಬಿಡಬೇಕೇ?

ಅಲ್ಲಿ ಒಂದು ಕೂದಲೆಳೆಯಷ್ಟೂ ಬಿಡಬೇಡ ಎಂದೆ. ಆದರೆ ಜೀವನವೆಲ್ಲ ಊರವರ ಬಿರುಕು ಮುಚ್ಚಿದವನು, ತನ್ನ ತಲೆಯ ಮೇಲೆ ತಾನೇ ಒಂದು ಬೆರಳಷ್ಟು ಜಾಗ ಬಿಟ್ಟುಕೊಂಡರೆ ಯಾರಿಗೇನು ನಷ್ಟ?